ಐಸಿಯುನಲ್ಲಿ ಭಾವ ಮಾತಾಡಿದ್ದು

ನನಗೆ ಕಚ್ಚಿದ್ದು ಹಾವು. ನಾವು ಬೈದದ್ದು ಮಾತ್ರ ಮಿರ್ಚಿಯನ್ನು.

ಹಿಂದಿನ ಸಂಜೆ ಕಂಪ್ಲಿಯ ಶಾಲೆಯಲ್ಲಿ ಪಾಠ ಮುಗಿಸಿ, ಬುಕ್ಕಸಾಗರದ ಬಸ್ ಹತ್ತುವ ಮುಂಚೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡಿದ್ದೆ. ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತಷ್ಟೆ. ಮಳೆ ಈಗ ಬಂದೆ, ಆಗ ಬಂದೆ ಎಂದು ಹೆದರಿಸಿ ಹೋಗುತ್ತಿತ್ತು, ಸೆಕೆ ಮಾತ್ರ ಇಳಿದಿರಲಿಲ್ಲ. ಪಡಸಾಲೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದೆ. ಬೆಳಗ್ಗೆ ಎದ್ದಾಗ ಕರುಳು ಹಿಂಡಿದ ಹಾಗೆ ಹೊಟ್ಟೆನೋವು. ನನ್ನ ಗಂಡ ಅಜವಾನಕ್ಕೆ ಉಪ್ಪು ಬೆರೆಸಿ ಬಾಯಿಗೆ ಹಾಕಿದರು. ಆಮೇಲೆ ಸೋಡಾ ಕುಡಿಸಿದರು. ಮೈಮೇಲೆ ಗಾಯವಿಲ್ಲ, ಬಾವಿಲ್ಲ. ಹಾವಿನ ಯೋಚನೆ ಯಾರಿಗೆ ಬಂದೀತು?

"ಎಷ್ಟು ಸಲ ಹೇಳೀನಿ ಆ ಎಣ್ಣಿ ತಿನಸು ತಿನ್ನಬ್ಯಾಡಂತ. ನನ್ನ ಮಾತು ಕೇಳೀಯೇನು ನೀನು?" ಎಂದು ಅವರು ಶುರು ಮಾಡಿದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ತಕ್ಕ ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು, ಆದರೆ ನಾಲಿಗೆ ಹೊರಳಲಿಲ್ಲ. ಆಗಲೇ ಅವರಿಗೆ ಗಾಬರಿಯಾದದ್ದು. ಮದುವೆಯಾದಾಗಿನಿಂದ ನಾನು ಉತ್ತರ ಕೊಡದೆ ಬಿಟ್ಟ ಮಾತು ಅದೊಂದೇ.

ನನ್ನ ಗಂಡನ ಅಣ್ಣ, ನನ್ನ ಭಾವ, ಓಡಿಹೋಗಿ ಪಕ್ಕದವರ ಕಾರು ತಂದರು. ಹಂಪಿಯ ಕಡೆಯ ಬಂಡೆಗಳು ಒಂದಕ್ಕೆ ಎರಡಾಗಿ ಕಾಣತೊಡಗಿದವು. ಇರುವ ಬಂಡೆಗಳೇ ಸಾಲದೇ ಎಂದುಕೊಂಡದ್ದು ನೆನಪಿದೆ. ಹೊಸಪೇಟೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೆಪ್ಪೆಗಳು ತಾವಾಗಿಯೇ ಇಳಿದುಬಿಟ್ಟಿದ್ದವು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಮಲಗಿದ್ರು?" ನೆಲದ ಮೇಲೆ ಎಂದು ನನ್ನ ಗಂಡ ಹೇಳಿದ್ದೇ ತಡ, "ಕಟ್ಟು ಹಾವು ಇರಬೇಕು. ಕಚ್ಚಿದ್ದೇ ಗೊತ್ತಾಗಲ್ಲ" ಎಂದರು. ಅಷ್ಟರಲ್ಲಿ ನನಗೆ ಉಸಿರು ಎಳೆಯುವ ಶಕ್ತಿಯೂ ಹೋಯಿತು. ಮುಂದಿನದು ತಿಳಿಯದು.

ಆಮೇಲೆ ಎಚ್ಚರವಾಯಿತು. ಆದರೆ ಎಚ್ಚರವಾದದ್ದು ನನಗೊಬ್ಬಳಿಗೇ ಗೊತ್ತು. ರೆಪ್ಪೆ ಎತ್ತಲಾಗದು, ತುಟಿ ಅಲ್ಲಾಡದು. ಬಾಯಲ್ಲೊಂದು ನಳಿಗೆ. ನನ್ನ ಉಸಿರನ್ನು ಪಕ್ಕದಲ್ಲಿ ಯಾವುದೋ ಯಂತ್ರ ಬುಸ್ ಎನ್ನುತ್ತ ಆಡುತ್ತಿದೆ. ಕಿವಿ ಮಾತ್ರ ನೆಟ್ಟಗಿದೆ. ಯಾರಾದರೂ ಮುಟ್ಟಿದರೆ ತಿಳಿಯುತ್ತದೆ, ಸೂಜಿ ಚುಚ್ಚಿದರೆ ನೋಯುತ್ತದೆ. ಕೂಗಿಕೊಳ್ಳಬೇಕು ಅನ್ನಿಸಿತು. ಕೂಗು ಎಲ್ಲಿಂದ ಬರಬೇಕು? ಅಂಥ ಭಯ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಆಗ ಕಿವಿಯ ಹತ್ತಿರ ಒಂದು ದೊಡ್ಡ ಗಂಟಲು ಕೇಳಿಸಿತು.

"ಅಕ್ಕೋರೆ, ನಾ ಸಿಸ್ಟರ್ ಅದೀನ್ರಿ. ನೀವು ಹೊಸಪೇಟಿ ದವಾಖಾನ್ಯಾಗ ಅದೀರಿ. ಹಾವು ಕಚ್ಚೈತಿ, ಆ ವಿಷಕ್ಕ ಕೈಕಾಲು ಮಲಗ್ಯಾವು. ನೀವು ಸತ್ತಿಲ್ಲ, ಅಂಜಬ್ಯಾಡ್ರಿ. ಮಷಿನ್ ಉಸುರು ಕೊಡಾಕತ್ತೈತಿ. ವಿಷ ಇಳಿದಂಗ ಎಲ್ಲಾ ವಾಪಸ್ ಬರ್ತೈತಿ. ಈಗ ನಿಮ್ಮ ಬಳಿ ತೆಗೀತೀನ್ರಿ. ಒಂದೂ ಒಡಿಯಂಗಿಲ್ಲ."

ಶಾಲೆಯ ಟೀಚರಮ್ಮನನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನನ್ನ ಕೆಲಸವನ್ನು ಯಾರೋ ಹೇಳಿರಬೇಕು. ಆಕೆ ನನ್ನ ಮುಂಗೈಗೆ ಸೋಪಿನ ನೀರು ಸವರಿ, ಬೆರಳು ಒತ್ತಿ ಹಿಡಿದು, ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಒಡೆದು ತೆಗೆದಿದ್ದರೆ ಒಂದೇ ಕ್ಷಣದ ಕೆಲಸ. ಮುತ್ತೈದೆಯ ಬಳೆ ಒಡೆದ ಸದ್ದು ನನ್ನ ಕಿವಿಗೆ ಬೀಳಬಾರದು ಎಂದು ಆಕೆ ಅಷ್ಟು ಹೊತ್ತು ತೆಗೆದುಕೊಂಡಳು. ಬಳೆಗಳು ತಟ್ಟೆಯಲ್ಲಿ ಬಿದ್ದ ಸಣ್ಣ ಸದ್ದು ಕೇಳುತ್ತ ನನ್ನ ಎದೆಬಡಿತ ಸ್ವಲ್ಪ ಇಳಿಯಿತು.

ಅಲ್ಲಿಂದ ಮುಂದೆ ಆಕೆಯ ಪಾಳಿ ಇದ್ದಾಗಲೆಲ್ಲ ನನ್ನ ಮೈಗೆ ಏನೇ ಮಾಡಿದರೂ ಮೊದಲು ಅದು ನನ್ನ ಕಿವಿಗೆ ಬರುತ್ತಿತ್ತು. ಈಗ ಎಡಕ್ಕೆ ಹೊರಳಿಸ್ತೀನಿ. ಈಗ ಮೂಗಿನ ನಳಿಗ್ಯಾಗ ಗಂಜಿ ಬಿಡ್ತೀನಿ. ಈಗ ಗಂಟಲದಾಗಿನ ಕಫ ಎಳೀತೀನಿ, ಉಸುರು ಕಟ್ಟಿದಂಗಾಗ್ತೈತಿ, ಮೂರು ಎಣಿಸೂದ್ರಾಗ ಮುಗೀತೈತಿ. ಹೇಳಿದಂತೆ ಮೂರಕ್ಕೆ ಮುಗಿಯುತ್ತಿತ್ತು. ಕಣ್ಣು ಒಣಗದಂತೆ ಮುಲಾಮು ಹಚ್ಚಿ ಮೇಲೆ ಹತ್ತಿ ಇಡುತ್ತಿದ್ದಳು. ನನ್ನ ಕೂದಲು ಗಂಟು ಕಟ್ಟೀತೆಂದು ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಳು. ಐವತ್ತರ ಹತ್ತಿರದ ಹೆಂಗಸಿಗೆ ಎರಡು ಜಡೆ! ನನ್ನ ಶಾಲೆಯ ಹುಡುಗಿಯರು ನೋಡಿದ್ದರೆ ಬಿದ್ದುಬಿದ್ದು ನಗುತ್ತಿದ್ದರು.

ಇನ್ನೊಬ್ಬ ಸಿಸ್ಟರ್ ಇದ್ದಳು. ಆಕೆಯ ಬಾಯಿಂದ ಒಂದು ಮಾತಿಲ್ಲ. ಸದ್ದಿಲ್ಲದೆ ಬಂದು ಗಬಕ್ಕನೆ ಹಿಡಿದು ಹೊರಳಿಸಿದರೆ ಬಾವಿಗೆ ಬಿದ್ದಂತೆ ಆಗುತ್ತಿತ್ತು. ಮನಸ್ಸಿನಲ್ಲೇ ಆಕೆಗೆ ಬಯ್ಯದ ಬೈಗುಳವಿಲ್ಲ. ಆದರೆ ನ್ಯಾಯ ನ್ಯಾಯವೇ. ನನ್ನ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ಹೊತ್ತು ತಪ್ಪದೆ ಹೊರಳಿಸಿದವಳು ಆಕೆಯೇ. ನಳಿಗೆ ಕಟ್ಟಿಕೊಂಡು ಯಂತ್ರ ಕಿರುಚಿದಾಗ ಮೊದಲು ಓಡಿ ಬಂದವಳೂ ಆಕೆಯೇ. ಮಾತಿಲ್ಲದ ಕಾಳಜಿಯೂ ಕಾಳಜಿಯೇ ಎಂದು ಈಗ ಒಪ್ಪುತ್ತೇನೆ. ಅಲ್ಲಿ ಮಲಗಿದ್ದಾಗ ಒಪ್ಪಲು ನಾನು ಸಿದ್ಧಳಿರಲಿಲ್ಲ.

ಮಾತಿನ ಸಿಸ್ಟರ್ ಸಂಡೂರು ಗುಡ್ಡದ ದೋಣಿಮಲೈನಲ್ಲಿ, ಗಣಿ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಇದನ್ನೂ ಆಕೆಯೇ ಹೇಳಿದ್ದು, ನನ್ನ ಮುಂಗಾಲು ತಿಕ್ಕುತ್ತ.

"ನಮ್ಮಪ್ಪಗ ಮಷಿನ್ ಸಪ್ಪಳಕ್ಕ ಕಿವಿ ಹೋಗ್ಯಾವ್ರಿ. ಹಿಂದಿನಿಂದ ಮುಟ್ಟಿದ್ರ ಹೌಹಾರ್ತಾನ. ಅದಕ್ಕ ಮುಂದ ಹೋಗಿ, ಮಾರಿ ತೋರ್ಸಿ, ಆಮ್ಯಾಲೆ ಮುಟ್ಟೂದು. ಆತಗ ಕಣ್ಣದಾವು ಕಿವಿ ಇಲ್ಲ, ನಿಮಗ ಕಿವಿ ಅದಾವು ಕಣ್ಣಿಲ್ಲ. ಇಬ್ರಿಗೂ ಹೇಳೇ ಮುಟ್ಟಬೇಕ್ರಿ."

ನನಗೆ ಕಿವಿ ಇದೆ ಎಂದು ಆಕೆ ನಂಬಿದ್ದಳು. ಡಾಕ್ಟರೂ ಅದನ್ನೇ ಹೇಳುತ್ತಿದ್ದರು. ನಂಬದೆ ಇದ್ದವರು ನಮ್ಮ ಮನೆಯವರು.

ಇಲ್ಲಿ ನನ್ನ ಭಾವನ ಬಗ್ಗೆ ಹೇಳಬೇಕು. ನಮ್ಮಂಥ ಮನೆಗಳಲ್ಲಿ ಗಂಡನ ಅಣ್ಣ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಅವರು ಒಳಗೆ ಬಂದರೆ ನಾನು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ನನಗೆ ಏನಾದರೂ ಹೇಳುವುದಿದ್ದರೆ ಅವರು ಕಂಬಕ್ಕೋ ಗೋಡೆಗೋ ಹೇಳುತ್ತಾರೆ: "ಆಕಿಗೆ ಹೇಳ್ರಿ, ಸಾರಿಗೆ ಉಪ್ಪು ಕಡಿಮಿ ಆಗೈತಂತ." ನಾನೂ ಗೋಡೆಗೇ ಉತ್ತರಿಸುತ್ತೇನೆ: "ಇನ್ನೊಂದು ಚೂರು ಹಾಕೀನಿ, ನೋಡಬೇಕಂತ್ರಿ." ಕಂಪ್ಲಿಯಲ್ಲಿ ಒಂದಿಡೀ ಶಾಲೆಯನ್ನು ಬಾಯಿಯಿಂದಲೇ ಆಳುವ ನಾನು, ಒಂದೇ ಸೂರಿನಡಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಬ್ಬ ಮನುಷ್ಯನ ಜೊತೆ ಗೋಡೆಯ ಮೂಲಕ ಬದುಕಿದ್ದೆ. ವಿಚಿತ್ರ ಅನ್ನಿಸಿರಲೂ ಇಲ್ಲ. ಭಾವನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವಳು, ಕೆಲವು ವರ್ಷಗಳ ಹಿಂದೆ ದೂರದ ಊರಿನ ಆಸ್ಪತ್ರೆಯಲ್ಲಿ, ಇಂಥದೇ ಯಂತ್ರಗಳ ನಡುವೆ ತೀರಿಕೊಂಡಳು. ಭಾವ ಬಾಗಿಲ ಹೊರಗೆ ನಿಂತಿದ್ದರು. ಅವಳ ಬಾಯಿಗೆ ಕೊನೆಯ ಗುಟುಕು ನೀರನ್ನೂ ಹಾಕಲಾಗಲಿಲ್ಲ. ಆಮೇಲೆ ಮನೆಯಲ್ಲಿ ಗೋಡೆಯ ಜೊತೆಗಿನ ಮಾತೂ ಕಡಿಮೆಯಾಯಿತು.

ಒಂದು ದಿನ ಅಣ್ಣ ತಮ್ಮ ಇಬ್ಬರೂ ನನ್ನ ಹಾಸಿಗೆಯ ಹತ್ತಿರ ಬಂದರು. ಭಾವನ ಕೆಮ್ಮು ನನಗೆ ಚೆನ್ನಾಗಿ ಗೊತ್ತು.

"ಮಾರಿ ನೋಡಲೇ" ಎಂದರು ತಮ್ಮನಿಗೆ. "ಇದರಾಗ ಏನೈತಿ? ಮಷಿನ್ ಎದಿ ಎತ್ತಿ ಇಳಿಸಾಕತ್ತೈತಿ, ಅಷ್ಟೆ. ಇವ್ರು ಹಿಂಗ ಹೇಳ್ತಾರ. ಬರ್ತೈತಿ ಬರ್ತೈತಿ ಅಂತ ಅಲ್ಲೂ ಹೇಳಿದ್ರು. ನಾಳೆ ಮನೀಗೆ ಒಯ್ಯೋಣು. ನಮ್ಮ ಹೊಸಲಿ ಒಳಗ, ನಮ್ಮ ಮಂದಿ ನಡುವ ಹೋಗ್ಲಿ. ಹೊಳಿ ನೀರು ತಂದೀನಿ, ಬಾಯಿಗೆ ಹಾಕು."

ನನ್ನ ಗಂಡ ಅಳುತ್ತಿದ್ದರು. ಅಣ್ಣನಿಗೆ ಎದುರು ಮಾತಾಡಿ ಅವರಿಗೆ ರೂಢಿಯೇ ಇಲ್ಲ. ನನ್ನ ಎದುರು ಹುಲಿ, ಅಣ್ಣನ ಎದುರು ಇಲಿ. ನಾನು ಒಳಗಿನಿಂದ ಕಿರುಚುತ್ತಿದ್ದೆ. ಇದ್ದೀನಿ, ಕೇಳಿಸುತ್ತಿದೆ, ಒಯ್ಯಬೇಡಿ! ನಳಿಗೆ ತೆಗೆದು ಕಾರಿಗೆ ಹಾಕಿದರೆ ಕಮಲಾಪುರ ದಾಟುವುದರೊಳಗೆ ನಾನು ನಿಜವಾಗಿಯೂ ಹೆಣವಾಗುತ್ತಿದ್ದೆ. ಸಾಯುವುದಕ್ಕಿಂತ, ನನ್ನವರೇ ಪ್ರೀತಿಯಿಂದ ನನ್ನನ್ನು ಸಾಯಿಸುತ್ತಾರಲ್ಲ ಎಂಬ ಸಂಕಟ ದೊಡ್ಡದಿತ್ತು.

ಮಾತಿನ ಸಿಸ್ಟರ್ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಯಜಮಾನ್ರೆ, ಬಾಯಿಗೆ ಹಾಕಿದ್ರ ಉಸುರಿನ ದಾರೀಗೆ ಹೋಗ್ತೈತ್ರಿ. ಇಲ್ಲಿ ಕೊಡ್ರಿ" ಎಂದು ಬಾಟಲಿ ಇಸಿದುಕೊಂಡಳು. ನನ್ನ ಹಣೆಯ ಮೇಲೆ ತಂಪಗಿನ ಬೆರಳು ಆಡಿತು. "ಅಕ್ಕೋರೆ, ನಿಮ್ಮ ಭಾವ ಹೊಳಿ ನೀರು ತಂದಾರ, ಹಣಿಗೆ ಹಚ್ಚೀನಿ. ಇದು ತಂಪಿಗೆ ಅಷ್ಟೆ, ಹೋಗಾಕಲ್ಲ." ಆಮೇಲೆ ಅವರ ಕಡೆ ತಿರುಗಿ, "ಬಂದೀರಿ, ಒಂದು ಮಾತಾಡಿಸ್ರಿ. ಅವ್ರಿಗೆ ಕೇಳಸ್ತೈತಿ" ಎಂದಳು.

ಭಾವ ಬೆಚ್ಚಿರಬೇಕು. "ನಾನಾ? ತಮ್ಮನ ಹೆಂಡ್ತಿ ಜೋಡಿ?" ಎಂದು ಕೆಮ್ಮಿ, ಹೊರಗೆ ನಡೆದರು. ಬಾಗಿಲ ಹತ್ತಿರ ಡಾಕ್ಟರು ಅವರಿಗೆ ಸಮಾಧಾನ ಹೇಳುತ್ತಿದ್ದುದೂ, ಅವರು ನಾಳೆ ಒಯ್ದೇ ಒಯ್ಯುತ್ತೇವೆ ಎಂದು ಹಟ ಹಿಡಿದದ್ದೂ ಕೇಳಿಸಿತು.

ಎಲ್ಲರೂ ಹೋದ ಮೇಲೆ ಸಿಸ್ಟರ್ ನನ್ನ ಕೈ ಹಿಡಿದು ಹತ್ತಿರ ಬಾಗಿದಳು. "ಕೇಳಿದ್ರಲ್ಲ ಅಕ್ಕೋರೆ? ನಾಳೀತನ ಏನರ ಒಂದು ಅಲ್ಲಾಡಿಸಬೇಕ್ರಿ. ಹುಬ್ಬೋ, ಬಳ್ಳೋ, ಏನರ."

ಹುಬ್ಬು ಆಗಲಿಲ್ಲ. ಕೈಬೆರಳು ಆಗಲಿಲ್ಲ. ನಾನು ಅಷ್ಟು ಕಷ್ಟಪಟ್ಟು ಜೀವಮಾನದಲ್ಲಿ ಇನ್ನೇನನ್ನೂ ಮಾಡಿಲ್ಲ. ಆಕೆ ಇರಲಿ ಬಿಡಿ ಎಂದು ಪಾದ ತಿಕ್ಕುತ್ತ ಕೂತಳು. ತಿಕ್ಕುತ್ತ ಮಗ್ಗಿ ಹೇಳಿಕೊಳ್ಳತೊಡಗಿದಳು. ಮಗಳು ಶಾಲೆಯಲ್ಲಿ ಒಪ್ಪಿಸಬೇಕಂತೆ, ಕಲಿಸಬೇಕಾದವಳಿಗೇ ಮರೆತಿದೆಯಂತೆ. ಹದಿಮೂರರ ಮಗ್ಗಿ ಕುಂಟುತ್ತ ಕುಂಟುತ್ತ ಸಾಗಿತು. "ಹದಿಮೂರು ಏಳಲೆ... ತೊಂಬತ್ತು."

ತೊಂಬತ್ತೊಂದು! ನನ್ನ ಮೈಯೊಳಗೆ ಎಲ್ಲಿಂದ ಬಂತೋ ಸಿಟ್ಟು, ತಲೆಯಿಂದ ಕಾಲಿನವರೆಗೆ ಇಳಿಯಿತು.

ತಿಕ್ಕುತ್ತಿದ್ದ ಕೈ ನಿಂತಿತು. "ಹದಿಮೂರು ಏಳಲೆ ತೊಂಬತ್ತು" ಎಂದು ಮತ್ತೆ ಹೇಳಿದಳು, ಈ ಸಲ ಮೆಲ್ಲಗೆ. ನನ್ನ ಬಲಗಾಲಿನ ಹೆಬ್ಬೆರಳು ಅವಳ ಅಂಗೈಯಲ್ಲಿ ಅಲ್ಲಾಡಿತು. "ತೊಂಬತ್ತೊಂದು" ಎಂದಳು. ಸುಮ್ಮನಾದೆ. "ತೊಂಬತ್ತೆರಡು." ಮತ್ತೆ ಅಲ್ಲಾಡಿತು. ಆಕೆ ನಕ್ಕಳು, ನಗುತ್ತ ಮೂಗು ಎಳೆದುಕೊಂಡಳು, ಡಾಕ್ಟರನ್ನು ಕರೆಯಲು ಓಡಿದಳು. ಆ ಮೊದಲ ತಪ್ಪು ಬೇಕಂತಲೇ ಮಾಡಿದ್ದೋ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಬರೀ ನಗುತ್ತಾಳೆ.

ಮರುದಿನ ಭಾವ ಕಾರು ತಂದೇ ಬಂದಿದ್ದರು. ಸಿಸ್ಟರ್ ಅವರನ್ನು ಹಾಸಿಗೆಯ ಹತ್ತಿರ ಕರೆದು ವಿಷಯ ಹೇಳಿದಳು.

"ಆಕಿಗೆ ಕೇಳ್ರಿ ಹಂಗಾರ" ಎಂದರು ಭಾವ, ನನ್ನ ತಲೆಯ ಮೇಲಿನ ಯಾವುದೋ ಗೋಡೆಗೆ.

"ನಾ ಕೇಳಿದ್ರ ನೀವು ನಂಬಂಗಿಲ್ರಿ. ಸಿಸ್ಟರೇ ಕಾಲು ಅಲ್ಲಾಡಿಸಿದ್ಲು ಅಂತೀರಿ. ನಾ ದೂರ ನಿಂದರ್ತೀನಿ. ನೀವೇ ಕೇಳ್ರಿ."

ಆಕೆ ದೂರ ಸರಿದದ್ದು ಕೇಳಿಸಿತು. ಆಮೇಲೆ ಕೆಮ್ಮು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಆ ದನಿ ನನ್ನ ಕಡೆಗೇ ಬಂತು.

"ತಂಗ್ಯವ್ವಾ... ಮನೀಗೆ ಬರ್ತೀಯೋ, ಇಲ್ಲೇ ಇರ್ತೀಯೋ?"

ಒಂದು ಬೆರಳಿಗೆ ಎರಡು ಪ್ರಶ್ನೆ! ಶಾಲೆಯ ಹುಡುಗರಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಸಿಸ್ಟರಿಗೂ ಅದೇ ಹೊಳೆದಿರಬೇಕು. "ಒಂದೇ ಕೇಳ್ರಿ, ಯಜಮಾನ್ರೆ" ಎಂದು ದೂರದಿಂದ ಹೇಳಿದಳು.

ಭಾವ ಇನ್ನೂ ಹತ್ತಿರ ಬಂದರು. "ಇಲ್ಲೇ ಇರ್ತೀನಿ, ಬದುಕ್ತೀನಿ ಅಂತಿದ್ರ, ಬಳ್ಳು ಅಲ್ಲಾಡ್ಸವಾ. ಇಲ್ಲಾಂದ್ರ ಹಂಗೇ ಇರು. ನಾ ತಪ್ಪು ತಿಳಿಯಂಗಿಲ್ಲ."

ಅಲ್ಲಾಡಿಸಿದೆ. ಅಲ್ಲಾಡಿತೋ ಇಲ್ಲವೋ ಎಂದು ಹೆದರಿ ಮತ್ತೆ ಅಲ್ಲಾಡಿಸಿದೆ. ಮತ್ತೆ, ಮತ್ತೆ. ಸಾಕು ಬಿಡ್ರಿ ಅಕ್ಕೋರೆ, ದಣೀತೀರಿ ಎಂದು ಸಿಸ್ಟರ್ ಹೇಳುವವರೆಗೂ ನಾನು ನಿಲ್ಲಿಸಲಿಲ್ಲ. ಭಾವ ಅಳುತ್ತಿದ್ದರು. ಗಂಡಸರು ಅಳುವುದನ್ನು ನೋಡಿದ್ದೆ, ಹಾಗೆ ಬರೀ ಕೇಳಿದ್ದು ಅದೇ ಮೊದಲು. ಕಾರು ಖಾಲಿಯಾಗಿ ವಾಪಸ್ಸು ಹೋಯಿತು.

ಆಮೇಲೆ ನನ್ನ ಗಂಡನ ಸರದಿಯನ್ನೂ ಕಸಿದುಕೊಂಡು ಭಾವನೇ ಒಳಗೆ ಬರತೊಡಗಿದರು. ಸಿಸ್ಟರ್ ಒಂದು ಸ್ಟೂಲು ಹಾಕಿಕೊಡುತ್ತಿದ್ದಳು. ಭಾವ ಕೂತು ಮಾತಾಡುತ್ತಿದ್ದರು. ಬಾಳೆಗೊನೆಯ ರೇಟು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಪಕ್ಕದ ಮನೆಯ ಜಗಳ, ತಮ್ಮ ಮಂಡಿನೋವು. ನನ್ನ ಗಂಡನ ಅಡುಗೆ ಬಾಯಿಗಿಡಲಾಗುತ್ತಿಲ್ಲ ಎಂಬ ದೂರೂ ಬಂತು. ಇಷ್ಟು ಮಾತು ಈ ಮನುಷ್ಯನಲ್ಲಿ ಎಲ್ಲಿತ್ತು ಎಂದು ನಾನು ಬೆರಗಾಗಿ ಕೇಳುತ್ತಿದ್ದೆ. ಒಂದು ದಿನ ಮಾತು ಬೇರೆ ಕಡೆ ಹೊರಳಿತು.

"ಆಕಿಗೂ ಕೇಳಸ್ತಿತ್ತೇನೋ ಅವಾಗ" ಎಂದರು. ತಮ್ಮ ಹೆಂಡತಿಯ ಮಾತು. "ನಾ ಹೊರಗ ನಿಂತಿದ್ದೆ. ಒಳಗ ಹೋಗಿ ಮಾತಾಡು ಅಂತ ನನಗ ಯಾರೂ ಹೇಳಲಿಲ್ಲವಾ."

ಸಿಸ್ಟರ್ ಹತ್ತಿರದಲ್ಲೇ ಇದ್ದಳು. ಹೊತ್ತಾಯಿತು, ಏಳಿ ಎನ್ನಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿದ ಸದ್ದಾಯಿತು. ಭಾವ ಕುಡಿದ ಸದ್ದೂ ಕೇಳಿಸಿತು.

ವಿಷ ಬಂದ ದಾರಿಯಲ್ಲೇ ಹಿಂದಿರುಗಿತು. ಕೈಬೆರಳು, ಮೊಣಕೈ, ಕತ್ತು. ರೆಪ್ಪೆ ಎದ್ದ ದಿನ ಕಂಡ ಸಿಸ್ಟರ್ ನನ್ನ ಭುಜದ ಎತ್ತರದ ಸಣ್ಣ ಹೆಣ್ಣುಮಗಳು. ಆ ಗಂಟಲಿಗೆ ನಾನು ಗಟ್ಟಿಮುಟ್ಟಾದ ಆಳನ್ನು ಕಲ್ಪಿಸಿಕೊಂಡಿದ್ದೆ. ಮಾತಿಲ್ಲದ ಸಿಸ್ಟರ್ ನನ್ನ ಕಣ್ಣು ತೆರೆದದ್ದು ನೋಡಿ, ಏನೂ ಹೇಳದೆ, ನನ್ನ ಕೆನ್ನೆ ತಟ್ಟಿ ಹೋದಳು. ಆ ಇಬ್ಬರ ಕೈಗಳನ್ನೂ ನಾನು ಮರೆಯಲಾರೆ. ಕೊನೆಗೆ ನಳಿಗೆಯೂ ಹೊರಬಂತು. ಮೊದಲ ಉಸಿರನ್ನು ನಾನೇ ಎಳೆದೆ. ಗಂಟಲು ಕೆಂಡದಂತೆ ಉರಿಯಿತು. ಆದರೂ ಅದು ನನ್ನ ಸ್ವಂತದ್ದು ಎಂಬ ಖುಷಿಗೆ ಅತ್ತೆ.

ವಾರ್ಡಿಗೆ ಕಳಿಸುವ ದಿನ ಭಾವ ಬಂದರು. ಸ್ಟೂಲು ಇತ್ತು. ಕೂರಲಿಲ್ಲ. ನಾನು ದಿಂಬಿಗೆ ಒರಗಿ, ಕಣ್ಣು ಬಿಟ್ಟುಕೊಂಡು, ಅಭ್ಯಾಸಬಲದಿಂದ ಸೆರಗು ಹುಡುಕುತ್ತಿದ್ದೆ. ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿ? ಭಾವ ನನ್ನನ್ನು ನೋಡಿದವರೇ ಮುಖ ತಿರುಗಿಸಿ ಸಲೈನ್ ಬಾಟಲಿ ತೂಗುಹಾಕಿದ್ದ ಕಂಬಕ್ಕೆ ಹೇಳಿದರು: "ಆಕಿಗೆ ಹೇಳ್ರಿ, ಗುಳಿಗಿ ಹೊತ್ತೊತ್ತಿಗೆ ತಗೊಳ್ಳಾಕ."

ಬದುಕಿ ಬಂದೆ, ಮತ್ತೆ ಗೋಡೆ ಬಂತು. ನಾನೂ ಏನಾದರೂ ಅನ್ನಬಹುದಿತ್ತು. ಇಪ್ಪತ್ತು ವರ್ಷದ ರೂಢಿ ನನ್ನ ಬಾಯಿಯನ್ನೂ ಕಟ್ಟಿತ್ತು.

ಸಿಸ್ಟರ್ ನನ್ನ ನಾಡಿ ಹಿಡಿದು ನಿಂತಿದ್ದಳು. ಅವರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಬಾಗಿ, ಆ ದೊಡ್ಡ ಗಂಟಲನ್ನು ಎಷ್ಟು ಸಾಧ್ಯವೋ ಅಷ್ಟು ಸಣ್ಣದು ಮಾಡಿ, ಹೇಳಿದಳು:

"ಅಕ್ಕೋರೆ, ಒಂಚೂರು ಕಣ್ಣು ಮುಚ್ಕೊಳ್ರಿ."

ಮುಚ್ಚಿಕೊಂಡೆ. ಆಕೆಯ ಚಪ್ಪಲಿಯ ಸದ್ದು ಪಕ್ಕದ ಹಾಸಿಗೆಯ ಕಡೆ ಹೋಯಿತು. ಆಮೇಲೆ ಕೆಮ್ಮು ಕೇಳಿಸಿತು, ಹತ್ತಿರದಲ್ಲೇ.

"ತಂಗ್ಯವ್ವಾ" ಎಂದರು ಭಾವ. "ನೀ ಹೋಗಿಬಿಟ್ಟಿದ್ರ, ಆ ಮನ್ಯಾಗ ನಾ ಯಾರ ಜೋಡಿ ಮಾತಾಡ್ಲಾರದ ಇರಬೇಕಿತ್ತು?"

ನಾನು ಕಣ್ಣು ಮುಚ್ಚಿಕೊಂಡೇ, ನಳಿಗೆ ಕೆರೆದ ಗಂಟಲಿನಿಂದ, "ಕುಂದ್ರಿ ಭಾವ" ಎಂದೆ.